ಏಳು ಸಾವಿರ ಮೀನಿನ ಪುಡಿ

ಪ್ರಯೋಗಾಲಯದಲ್ಲಿ ಅವಳಿಗೆ ಎಲ್ಲರೂ ಇಟ್ಟಿದ್ದ ಹೆಸರು ಸೂಜಿಗೈ. ಇಪ್ಪತ್ತಾರು ವರ್ಷ ಒಂದೇ ಕಲ್ಲುಮೇಜಿನ ಮುಂದೆ, ಒಂದು ಕಾಲು ಮೋಟಾದ ಅದೇ ಸ್ಟೂಲಿನ ಮೇಲೆ ಕೂತು, ಒಂದೇ ಜಾತಿಯ ಮೀನಿನ ಹೊಟ್ಟೆ ಸೀಳಿದವಳು. ಅದಕ್ಕೂ ಮೊದಲು ಬಂದರಿನ ಷೆಡ್ಡಿನಲ್ಲಿ ಮೀನು ಹಸನು ಮಾಡುತ್ತಿದ್ದಳು. ಪ್ರೊಫೆಸರರು ಆಗಿನ್ನೂ ತಲೆತುಂಬ ಕೂದಲಿದ್ದ ಮನುಷ್ಯ. ಒಂದು ದಿನ ಬಕೆಟ್ಟು ಹಿಡಿದು ಷೆಡ್ಡಿಗೆ ಬಂದರು. ಪಿತ್ತಕೋಶದ ನಾಳ ಕರುಳಿಗೆ ಸೇರುವ ಜಾಗದಲ್ಲಿ ಎಳ್ಳುಕಾಳಿನಷ್ಟು ದೊಡ್ಡ ಬಿಳಿ ಗಂಟು ಇರುತ್ತದೆ, ಪಿತ್ತ ಒಡೆಯದ ಹಾಗೆ ಅದನ್ನು ಯಾರು ತೆಗೆದುಕೊಡುತ್ತೀರಿ ಎಂದು ಕೇಳಿದರು. ಹತ್ತು ಹೆಂಗಸರು ಕೈ ಹಾಕಿದರು. ಒಂಬತ್ತು ಬಟ್ಟಲು ಹಸಿರಾದವು. ಹತ್ತನೆಯದರಲ್ಲಿ ನೀರು ತಿಳಿಯಾಗಿತ್ತು, ಗಂಟು ತಳದಲ್ಲಿ ಕೂತಿತ್ತು.

"ಹೇಗಮ್ಮಾ ತೆಗೆದೆ?" ಎಂದು ಪ್ರೊಫೆಸರರು ಕೇಳಿದರು.

"ಪಿತ್ತ ಒಡೆದ್ರೆ ಮೇಸ್ತ್ರಿ ಬೈತಾನೆ. ಬೈಗುಳ ತಿಂದೂ ತಿಂದೂ ಕೈ ಕಲ್ತಿದೆ."

ಮರುದಿನದಿಂದ ಅವಳು ಪ್ರಯೋಗಾಲಯದವಳಾದಳು.

ಆ ಮೀನನ್ನು ಮೀನೆಂದು ಕರೆದರೆ ಉಳಿದ ಮೀನುಗಳು ಮಾನನಷ್ಟದ ದಾವೆ ಹೂಡಿಯಾವು. ಅದಕ್ಕೆ ದವಡೆಯಿಲ್ಲ, ಬೆನ್ನುಮೂಳೆಯಿಲ್ಲ, ಹುರುಪೆಯಿಲ್ಲ. ಕಣ್ಣು ಚರ್ಮದೊಳಗೆ ಹೂತುಹೋಗಿದೆ. ಕಡಲ ತಳದ ಕೆಸರಿನಲ್ಲಿದ್ದು, ಸತ್ತ ಪ್ರಾಣಿಗಳ ಒಡಲು ಹೊಕ್ಕು ಒಳಗಿನಿಂದ ತಿನ್ನುತ್ತದೆ. ಮುಟ್ಟಿದರೆ ಬಕೆಟ್ಟು ತುಂಬ ಲೋಳೆ ಬಿಡುತ್ತದೆ. ಲೋಳೆ ತನಗೇ ಅಂಟಿದಾಗ ಮೈಯನ್ನೇ ಗಂಟುಹಾಕಿ, ಆ ಗಂಟನ್ನು ಬಾಲದಿಂದ ತಲೆಯವರೆಗೆ ಸರಿಸಿ ಒರೆಸಿಕೊಳ್ಳುತ್ತದೆ. ಲೋಳೆಮೀನು ಎಂಬುದೇ ಅದಕ್ಕೆ ಬಂದ ಹೆಸರು. ಪ್ರೊಫೆಸರರಿಗೆ ಬೇಕಾಗಿದ್ದು ಅದರ ಎಳ್ಳುಕಾಳು ಮಾತ್ರ. ಮನುಷ್ಯನ ಇನ್ಸುಲಿನ್ನು ಹೊಟ್ಟೆಯ ಹಿಂದೆ, ಜೀರ್ಣರಸ ಮಾಡುವ ದೊಡ್ಡ ಗ್ರಂಥಿಯಲ್ಲಿ ಅಲ್ಲಲ್ಲಿ ಚದುರಿದ ಕಣಗಳಲ್ಲಿ ಹುಟ್ಟುತ್ತದೆ. ಲೋಳೆಮೀನಿನಲ್ಲಿ ಆ ಕಣಗಳೆಲ್ಲ ಒಟ್ಟಾಗಿ ಬೇರೆಯೇ ಮನೆ ಹೂಡಿವೆ. ಈ ಮೀನಿನ ವಂಶ ನಮ್ಮ ವಂಶದಿಂದ ಕವಲೊಡೆದು ಐವತ್ತು ಕೋಟಿ ವರ್ಷವಾಯಿತಂತೆ. ಅಷ್ಟು ಹಿಂದೆಯೂ ಈ ರಸವಿತ್ತೇ, ಇದ್ದರೆ ಹೇಗಿತ್ತು ಎಂಬುದೇ ಅವರ ಜೀವಮಾನದ ಪ್ರಶ್ನೆ.

ಕರಿಹಲಗೆಯ ಮುಂದೆ ನಿಂತು ವಿದ್ಯಾರ್ಥಿಗಳಿಗೆ ಅವರು ಹೇಳುತ್ತಿದ್ದುದು ಅವಳ ಬೆನ್ನಿಗೆ ಬೀಳುತ್ತಿತ್ತು. "ಇನ್ಸುಲಿನ್ನನ್ನ ಐವತ್ತು ಚಿಲ್ಲರೆ ಮಣಿಗಳ ಎರಡು ಎಳೆ ಸರ ಅಂದ್ಕೊಳ್ಳಿ. ಮೂರು ಕೊಂಡಿ. ನಮ್ಮ ಸರಕ್ಕೂ ಇದರ ಸರಕ್ಕೂ ಹದಿನೈದಿಪ್ಪತ್ತು ಮಣಿ ಬೇರೆ. ಆದರೆ ಕೊಂಡಿಗಳು ಇದ್ದ ಜಾಗದಲ್ಲೇ ಇವೆ. ದವಡೆ ಬರೋಕೆ ಮುಂಚೆ, ಮೂಳೆ ಬರೋಕೆ ಮುಂಚೆ ಇದು ಬಂದಿತ್ತು. ನೊಣದ ಮಿದುಳಲ್ಲೂ ಇದರ ದಾಯಾದಿಗಳಿದ್ದಾರೆ." ಬೆನ್ನಿನಿಂದಲೇ ಅವಳು ಎಷ್ಟೋ ಕಲಿತಳು. ಆದರೆ ಬೆನ್ನಿಗೆ ಕರಿಹಲಗೆ ಕಾಣುವುದಿಲ್ಲ.

ಇನ್ಸುಲಿನ್ನೆಂಬ ಪದ ಅವಳಿಗೆ ಹೊಸದಾಗಿರಲಿಲ್ಲ. ತಾಯಿ ಸತ್ತ ವರ್ಷವೇ ತಂಗಿಗೆ ಸಕ್ಕರೆ ಕಾಯಿಲೆ ಹತ್ತಿತ್ತು. ಆಗ ತಂಗಿಗೆ ಎಂಟು ವರ್ಷ, ಅಕ್ಕನಿಗೆ ಹತ್ತೊಂಬತ್ತು. ವಯಸ್ಸಾದ ಮೇಲೆ ಬರುವ, ಪಥ್ಯ ಮಾಡಿ ದೂಡಬಹುದಾದ ಸಕ್ಕರೆಯಲ್ಲ. ಸೂಜಿ ತಪ್ಪಿದರೆ ವಾರ ದಾಟದ ಸಕ್ಕರೆ. ಅಂದಿನಿಂದ ದಿನಕ್ಕೆರಡು ಸಲ ಸೂಜಿ. ಮದುವೆಯ ಮಾತು ಬಂದಾಗಲೆಲ್ಲ ತಂಗಿಯ ಸೂಜಿಯ ಮಾತೂ ಬಂತು. ನೋಡಲು ಬಂದವರಲ್ಲಿ ಒಬ್ಬರು ಛತ್ರಿ ಮರೆತು ಹೋದರು, ಅದಕ್ಕಾದರೂ ತಿರುಗಿ ಬರಲಿಲ್ಲ. ಆ ಛತ್ರಿಯನ್ನು ಅಕ್ಕ ತಂಗಿಯರು ಹನ್ನೆರಡು ವರ್ಷ ಬಳಸಿದರು.

ತಂಗಿ ಬಿಸ್ಕತ್ತು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿದ್ದಳು. ಸಂಜೆ ಗೇಟಿನಲ್ಲಿ ಎಲ್ಲರ ಚೀಲ ತಡಕುತ್ತಿದ್ದ ಕಾವಲುಗಾರ ಇವಳನ್ನು ಮಾತ್ರ ಹಾಗೇ ಬಿಡುತ್ತಿದ್ದ. "ನನ್ನ ಪ್ರಾಮಾಣಿಕತೆಗೆ ಡಾಕ್ಟರ ಸರ್ಟಿಫಿಕೇಟ್ ಇದೆ" ಎಂದು ತಂಗಿ ಹೇಳಿಕೊಂಡು ನಗುತ್ತಿದ್ದಳು. ನಾಲಿಗೆ ಹರಿತ. ಅಕ್ಕ ಬಾಗಿಲಲ್ಲಿ ಕಾಲಿಟ್ಟ ಕೂಡಲೇ ಮೂಗು ಮುಚ್ಚಿಕೊಂಡು, "ಬಂದ್ಲಪ್ಪಾ ಕಡಲ ರಾಣಿ. ಮೊದಲು ಕೈ ತೊಳ್ಕೊಳ್ಳೇ, ಗೋಡೆಗೂ ವಾಕರಿಕೆ ಬರ್ತಿದೆ" ಎನ್ನುತ್ತಿದ್ದಳು. ಮನೆ ಎಂದರೆ ಎರಡನೇ ಮಹಡಿಯ ಒಂದೂವರೆ ಕೋಣೆ. ಆ ಅರ್ಧ ಕೋಣೆಯಲ್ಲಿ ಒಲೆ, ಬಚ್ಚಲು, ಮತ್ತು ಔಷಧಿಯ ಸೀಸೆಗಳಿಗಾಗಿಯೇ ಕೊಂಡ ಸಣ್ಣ ಫ್ರಿಜ್ಜು.

ತಂಗಿಗೆ ನಲವತ್ತಮೂರು ತುಂಬಿದ ವರ್ಷ ಊರು ಮುಚ್ಚಿತು. ನದಿಯಾಚೆ ಎರಡು ಪಡೆಗಳು ಗುಂಡು ಹಾರಿಸಿಕೊಳ್ಳುತ್ತಿದ್ದವು. ಸೇತುವೆ ಒಂದು ಪಡೆಯ ಕೈಲಿ, ಬಂದರು ಇನ್ನೊಂದರ ಕೈಲಿ. ಮೊದಲು ಸೋಪು ಸಿಗದಾಯಿತು, ಆಮೇಲೆ ಸೀಮೆಎಣ್ಣೆ, ಆಮೇಲೆ ಔಷಧಿ. ಅವರ ಬೀದಿಯ ಚಿಕಿತ್ಸಾಲಯದಲ್ಲಿ ಡಾಕ್ಟರು ಓಡಿಹೋಗಿ ಕಾಂಪೌಂಡರನೊಬ್ಬನೇ ಉಳಿದಿದ್ದ. ಅವನು ತನ್ನ ಕಪಾಟು ತೆರೆದು ತೋರಿಸಿ, "ನೋಡಿ ಅಕ್ಕಾ, ಇಲಿ ಬಂದ್ರೂ ಅಳ್ತಾ ಹೋಗಬೇಕು" ಎಂದ. ಮನೆಯ ಫ್ರಿಜ್ಜಿನಲ್ಲಿ ಉಳಿದಿದ್ದ ಕೊನೆಯ ಸೀಸೆ ಶನಿವಾರದವರೆಗೆ ಸಾಕಾಗುತ್ತಿತ್ತು. ಸೋಮವಾರ ರೇಡಿಯೋದಲ್ಲಿ ಹೇಳಿದರು: ಬಂದರು ಇನ್ನು ಹದಿನೆಂಟು ದಿನಕ್ಕೆ ತೆರೆಯುತ್ತದೆ, ಔಷಧಿಯ ಹಡಗು ಆಗಲೇ ಹೊರಗೆ ಕಾದು ನಿಂತಿದೆ.

ಮಂಗಳವಾರ ಕಾಂಪೌಂಡರ್ ಮಹಡಿ ಹತ್ತಿ ಬಂದ. ಕೈಯಲ್ಲಿ ಮುದ್ರೆ ಒತ್ತಿದ ಚೀಟಿ. ಗುರುವಾರ ಬೆಳಿಗ್ಗೆ ರೋಗಿಗಳ ಬಸ್ಸೊಂದನ್ನು ಸೇತುವೆ ದಾಟಲು ಬಿಡುತ್ತಾರೆ, ಆಚೆಯ ಊರಿನ ದೊಡ್ಡಾಸ್ಪತ್ರೆಯಲ್ಲಿ ಔಷಧಿಯಿದೆ, ತಂಗಿಯ ಹೆಸರನ್ನು ಪಟ್ಟಿಯಲ್ಲಿ ಸೇರಿಸಿದ್ದೇನೆ ಎಂದ. "ಹಿಂದಿನ ವಾರದ ಬಸ್ಸಿಗೆ ಗುಂಡು ಬಿತ್ತಲ್ಲಪ್ಪಾ?" ಎಂದು ಅಕ್ಕ ಕೇಳಿದಳು. ಅವನು ಸುಳ್ಳು ಹೇಳಲಿಲ್ಲ. "ಬಿತ್ತು. ಮೂರು ಜನ ಹೋದ್ರು. ಈ ಬಸ್ಸಿಗೆ ಬೀಳಲ್ಲ ಅಂತ ನಾನು ಹೇಳಲಾರೆ. ಯೋಚನೆ ಮಾಡಿ."

ಅಕ್ಕ ಎರಡು ದಿನ ಯೋಚನೆ ಮಾಡಿದಳು. ಅವಳು ಯೋಚಿಸಿದ್ದು ಪ್ರಯೋಗಾಲಯದ ಶೀತಪೆಟ್ಟಿಗೆಯಲ್ಲಿದ್ದ ಕಂದು ಗಾಜಿನ ಸೀಸೆಯ ಬಗ್ಗೆ.

ಆ ಸೀಸೆಯಲ್ಲಿ ಹದಿನಾಲ್ಕು ತಿಂಗಳ ದುಡಿಮೆಯಿತ್ತು. ಏಳು ಸಾವಿರ ಲೋಳೆಮೀನಿನ ಏಳು ಸಾವಿರ ಗಂಟುಗಳನ್ನು ಅವಳು ಕಿತ್ತು ಕೊಟ್ಟಿದ್ದಳು. ಪ್ರೊಫೆಸರರು ಅವನ್ನು ಅರೆದು, ಸೋಸಿ, ಶುದ್ಧಮಾಡಿ ಮೂವತ್ತು ಮಿಲಿಗ್ರಾಂ ಬಿಳಿ ಪುಡಿ ಮಾಡಿದ್ದರು. ಉಗುರಿನ ಮೇಲೆ ಸುರಿದರೆ ಉಗುರೂ ತುಂಬದಷ್ಟು. ತಂಗಿಗೆ ದಿನಕ್ಕೆ ಬೇಕಾದ ಇನ್ಸುಲಿನ್ನು ತೂಕದಲ್ಲಿ ಒಂದೂವರೆ ಮಿಲಿಗ್ರಾಂ. ಅದನ್ನು ಅವಳು ಎಂದೋ ಕೇಳಿ ತಿಳಿದುಕೊಂಡಿದ್ದಳು. ಮೂವತ್ತನ್ನು ಒಂದೂವರೆಯಿಂದ ಭಾಗಿಸಿದರೆ ಇಪ್ಪತ್ತು. ಶನಿವಾರದಿಂದ ಇಪ್ಪತ್ತು ದಿನ. ಹಡಗು ಬಂದ ಮೇಲೂ ಏಳು ದಿನ ಮಿಗುತ್ತದೆ.

ಪುಡಿ ಕೆಲಸ ಮಾಡುತ್ತದೆಯೇ ಎಂಬ ಅನುಮಾನ ಅವಳಿಗೆ ಇರಲಿಲ್ಲ. ಏಕೆಂದರೆ ಅದನ್ನು ಕಣ್ಣಾರೆ ಕಂಡಿದ್ದಳು. ಪ್ರತಿ ಸಲ ಪುಡಿ ತಯಾರಾದಾಗ ಇಲಿಗಳ ಮೇಲೆ ಪರೀಕ್ಷೆ ನಡೆಯುತ್ತಿತ್ತು. ಪ್ರೊಫೆಸರರು ಒಳಕೋಣೆಯಲ್ಲಿ ದ್ರಾವಣ ಮಾಡಿ ಎರಡು ಸಿರಿಂಜು ತರುತ್ತಿದ್ದರು. ಕೆಂಪು ಪಟ್ಟಿಯದರಲ್ಲಿ ಹಂದಿಯ ಇನ್ಸುಲಿನ್ನು, ನೀಲಿ ಪಟ್ಟಿಯದರಲ್ಲಿ ಮೀನಿನದು. ಎರಡೂ ಒಂದೇ ಗೆರೆಯವರೆಗೆ ತುಂಬಿರುತ್ತಿದ್ದವು. ಉಪವಾಸವಿಟ್ಟ ಇಲಿಯನ್ನು ಅವಳು ಹಿಡಿದುಕೊಳ್ಳಬೇಕು, ಅವರು ಚುಚ್ಚಬೇಕು, ಆಮೇಲೆ ಅವಳು ಗಡಿಯಾರ ನೋಡುತ್ತ ಕೂರಬೇಕು. ಮೈಯ ಸಕ್ಕರೆ ಇಳಿದು ಇಲಿ ಮಗುಚಿ ಬಿದ್ದ ನಿಮಿಷ ಬರೆಯಬೇಕು. ಕೆಂಪಿನ ಇಲಿಯೂ ನೀಲಿಯ ಇಲಿಯೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬೀಳುತ್ತಿದ್ದವು. ಒಂದೇ ಗೆರೆ, ಒಂದೇ ಹೊತ್ತು. ಇಪ್ಪತ್ತಾರು ವರ್ಷ ಅವಳು ಕಂಡದ್ದು ಇದನ್ನೇ. ಒಳಕೋಣೆಯಲ್ಲಿ ಯಾವುದಕ್ಕೆ ಎಷ್ಟು ಪುಡಿ ಹಾಕುತ್ತಾರೆಂದು ಅವಳು ಕಂಡಿರಲಿಲ್ಲ. ಕೇಳಬೇಕೆಂದು ಅವಳಿಗೆ ತೋಚಲಿಲ್ಲ, ಹೇಳಬೇಕೆಂದು ಅವರಿಗೂ ತೋಚಲಿಲ್ಲ.

ಬುಧವಾರ ಸಂಜೆ ಕಂದು ಸೀಸೆ ಅವಳ ಊಟದ ಡಬ್ಬಿಯಲ್ಲಿ ಮನೆಗೆ ಬಂತು. ಕೇಳಿದರೆ ಪ್ರೊಫೆಸರರು ಕೊಡುತ್ತಿರಲಿಲ್ಲ ಎಂದೇನಲ್ಲ. ಕೇಳಿ ಇಲ್ಲವೆನ್ನಿಸಿಕೊಂಡರೆ ಕದಿಯುವುದು ಕಷ್ಟ ಎಂದು ಅವಳು ಕೇಳಲಿಲ್ಲ.

"ಮೀನಿಂದು ಮನುಷ್ಯರಿಗೆ ಆಗುತ್ತೇನೇ?" ತಂಗಿ ಸೀಸೆಯನ್ನು ಬೆಳಕಿಗೆ ಹಿಡಿದು ಕೇಳಿದಳು.

"ಚಿಕ್ಕವಳಿದ್ದಾಗ ನಿನಗೆ ಚುಚ್ಚಿದ್ದೆಲ್ಲ ಹಂದಿದು. ಆಗ್ಲಿಲ್ವಾ?"

"ಅದಕ್ಕೇ ಅಲ್ವಾ ನನ್ನ ಗೊರಕೆ ಹಾಗಿರೋದು? ಇನ್ನು ಮೇಲೆ ಈಜೋಕೂ ಶುರು ಮಾಡ್ತೀನಿ ಬಿಡು."

"ತಮಾಷೆ ಸಾಕು. ಬಸ್ಸಿಗೆ ಹೋಗ್ತೀಯೋ, ಇಲ್ಲೇ ಇರ್ತೀಯೋ?"

ತಂಗಿ ಸೀಸೆಯನ್ನು ಕೆಳಗಿಟ್ಟಳು. "ನಂಗೇನು ಗೊತ್ತು? ನೀನು ಹೇಳು. ಮೂವತ್ತೈದು ವರ್ಷದಿಂದ ನೀನು ಹೇಳಿದ್ದೇ ಆಗಿದೆ."

"ಇರು" ಎಂದಳು ಅಕ್ಕ. "ಗುಂಡಿಗೆ ಎದೆ ಕೊಡೋದು ಯಾಕೆ? ಇಪ್ಪತ್ತು ದಿನಕ್ಕೆ ಇದೆ ನಮ್ಮತ್ರ."

ಗುರುವಾರ ಬೆಳಿಗ್ಗೆ ಬಸ್ಸು ಹೊರಟಿತು. ಚೀಟಿಯನ್ನು ಕಾಂಪೌಂಡರ್ ಇನ್ನೊಬ್ಬರಿಗೆ ಕೊಟ್ಟ.

ಭಾನುವಾರದಿಂದ ಪುಡಿ ಶುರುವಾಯಿತು. ಪ್ರಯೋಗಾಲಯದಲ್ಲಿ ಕೇಳಿ ಕಲಿತ ಕ್ರಮದಂತೆಯೇ ಅವಳು ಅದನ್ನು ಕರಗಿಸಿ, ಸೋಸಿ, ದಿನಕ್ಕೆ ಒಂದೂವರೆ ಮಿಲಿಗ್ರಾಂ ಲೆಕ್ಕದಲ್ಲಿ ಚುಚ್ಚಿದಳು. ಸೋಮವಾರ ತಂಗಿ ಹೂಜಿಗಟ್ಟಲೆ ನೀರು ಕುಡಿದಳು. "ಮೀನಿನ ಗುಣ" ಎಂದಳು. ಮಂಗಳವಾರ ಅದೂ ಅನ್ನಲಿಲ್ಲ. ಮಧ್ಯಾಹ್ನ ವಾಂತಿಯಾಯಿತು. ಉಸಿರಿಗೆ ಕೊಳೆತ ಹಣ್ಣಿನ ವಾಸನೆ. ಆ ವಾಸನೆಯನ್ನು ಅಕ್ಕ ಮೂವತ್ತೈದು ವರ್ಷದ ಹಿಂದೆ ಒಮ್ಮೆ ಮೂಸಿದ್ದಳು, ಮರೆತಿರಲಿಲ್ಲ.

ಬುಧವಾರ ಬೆಳಿಗ್ಗೆ ಪ್ರಯೋಗಾಲಯದ ಬಾಗಿಲು ತೆರೆಯುವ ಹೊತ್ತಿಗೆ ಅವಳು ಮೆಟ್ಟಿಲ ಮೇಲೆ ನಿಂತಿದ್ದಳು. ಪ್ರೊಫೆಸರರು ಬೀಗ ತೆಗೆಯುತ್ತಿದ್ದಂತೆಯೇ ಜಗಳಕ್ಕೇ ಬಿದ್ದಳು.

"ನಿಮ್ಮ ಪುಡಿ ಕೆಟ್ಟುಹೋಗಿದೆ ಸಾರ್. ಏನು ಇಡ್ತೀರೋ, ಎಂಥ ಪೆಟ್ಟಿಗೆಯೋ! ಕರೆಂಟು ಹೋದಾಗ ಕೆಟ್ಟಿರಬೇಕು, ಯಾರೂ ನೋಡಿಲ್ಲ."

"ಯಾವ ಪುಡಿ?"

"ಮೂವತ್ತು ಮಿಲಿಗ್ರಾಮಿಂದು. ನಾನು ಕದ್ದೆ. ಪೊಲೀಸರನ್ನ ಆಮೇಲೆ ಕರೀರಿ. ತಂಗಿಗೆ ಚುಚ್ಚಿದೆ, ಮೂರು ದಿನ, ದಿನಾ ಒಂದೂವರೆ. ಸಕ್ಕರೆ ಇಳಿದೇ ಇಲ್ಲ."

ಪ್ರೊಫೆಸರರು ಬೀಗವನ್ನು ಕೈಯಲ್ಲಿ ಹಿಡಿದೇ ನಿಂತರು. ಕೋಪ ಬಂದಿತ್ತೋ ಏನೋ, ಮುಖದಲ್ಲಿ ಕಾಣಲಿಲ್ಲ. ಆಮೇಲೆ ಮೆಲ್ಲಗೆ ಹೇಳಿದರು. "ಪುಡಿ ಕೆಟ್ಟಿಲ್ಲ. ಅದಿರೋದೇ ಅಷ್ಟು. ಮೀನಿನ ಇನ್ಸುಲಿನ್ನಿಗೆ ನಮ್ಮ ಮೈಲಿ ಇಪ್ಪತ್ತರಲ್ಲಿ ಒಂದು ಪಾಲು ಶಕ್ತಿ."

"ಸುಳ್ಳು. ಇಲಿ ಬೀಳ್ತಿತ್ತು. ಒಂದೇ ಗೆರೆ, ಒಂದೇ ಹೊತ್ತಿಗೆ ಬೀಳ್ತಿತ್ತು. ನಾನೇ ಹಿಡ್ಕೊಂಡಿದ್ದೆ."

"ಗೆರೆ ಒಂದೇ. ನೀಲಿ ಸಿರಿಂಜಲ್ಲಿ ಇಪ್ಪತ್ತು ಪಾಲು ಹೆಚ್ಚು ಪುಡಿ ಹಾಕಿರ್ತಿದ್ದೆ. ಎರಡೂ ಸಮ ಬೀಳೋಕೆ ಎಷ್ಟು ಹೆಚ್ಚು ಹಾಕಬೇಕು ಅನ್ನೋದೇ ಪರೀಕ್ಷೆ. ಇದನ್ನ ನಾನು ಎಷ್ಟು ಸಲ ಹೇಳಿದ್ದೀನಿ" ಎಂದರು.

"ಹುಡುಗರಿಗೆ ಹೇಳಿದ್ರಿ. ನಾನು ಆಗ ಇಲಿ ಹಿಡ್ಕೊಂಡಿದ್ದೆ."

ದೀಪದ ಬುಡದಲ್ಲೇ ಕತ್ತಲೆ ಎನ್ನುತ್ತಾರೆ. ಇಪ್ಪತ್ತಾರು ವರ್ಷ ಆ ಬುಡದಲ್ಲಿ ಕೂತವಳಿಗೆ ಅಂದು ಗಾದೆ ಬೇಕಾಗಿರಲಿಲ್ಲ, ಲೆಕ್ಕ ಬೇಕಾಗಿತ್ತು. ನಾಲ್ಕೂವರೆ ಮಿಲಿಗ್ರಾಂ ಮುಗಿದಿದೆ, ಇಪ್ಪತ್ತೈದೂವರೆ ಉಳಿದಿದೆ, ಅದೆಲ್ಲ ಒಟ್ಟಿಗೆ ಹಾಕಿದರೆ ಎಷ್ಟು ದಿನ ಎಂದು ಕೇಳಿದಳು.

"ಒಂದು. ಒಂದೂ ತುಂಬಲ್ಲ."

"ಇನ್ನೊಂದು ಸೀಸೆ?"

"ಇಲ್ಲ. ಹಂದಿದೂ ಚಳಿಗಾಲದಲ್ಲೇ ಮುಗೀತು. ಬರಲಿಲ್ಲ."

ಮನೆಗೆ ಬಂದು ಅಕ್ಕ ಏನನ್ನೂ ಮುಚ್ಚಿಡಲಿಲ್ಲ. ತಂಗಿ ಗೋಡೆಗೆ ಒರಗಿ ಏದುಸಿರು ಬಿಡುತ್ತ ಕೇಳಿಸಿಕೊಂಡಳು. ಏಳು ಸಾವಿರ ಮೀನು ಕೊಂದರೆ ಒಂದು ದಿನ, ಅದೂ ಮುಕ್ಕಾಗಿದ್ದು. "ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ" ಎಂದು ನಕ್ಕಳು, ನಗು ಕೆಮ್ಮಾಯಿತು.

"ನಾನು ಬಸ್ಸಿಗೆ ಕಳಿಸಬೇಕಿತ್ತು" ಎಂದಳು ಅಕ್ಕ.

"ಹೌದು, ಕಳಿಸಬೇಕಿತ್ತು." ತಂಗಿ ಸಮಾಧಾನದ ಮಾತು ಆಡಲಿಲ್ಲ. "ಆ ಒಂದು ದಿನ ಕೊಡು. ಇಟ್ಕೊಂಡು ಏನು ಮಾಡ್ತೀಯ, ಉಪ್ಪಿನಕಾಯಿ ಹಾಕ್ತೀಯಾ?" ಎಂದಳು.

ಕಾಂಪೌಂಡರ್ ಬಂದು ಉಪ್ಪುನೀರಿನ ಬಾಟಲಿಯನ್ನು ಕಿಟಕಿಯ ಸರಳಿಗೆ ತೂಗುಹಾಕಿ ರಕ್ತನಾಳಕ್ಕೆ ಏರಿಸಿದ. ಉಳಿದ ಪುಡಿಯನ್ನೆಲ್ಲ ಕರಗಿಸಿ ನಾಲ್ಕು ಸಲವಾಗಿ ಹಾಕಿದರು. ಗುರುವಾರ ಬೆಳಿಗ್ಗೆ ತಂಗಿಯ ಉಸಿರು ತಹಬಂದಿಗೆ ಬಂತು, ಕಣ್ಣು ತಿಳಿಯಾಯಿತು. ಎದ್ದು ಕೂತಳು. ಕಿಟಕಿಯ ಗಾಜು ಕೊಳೆಯಾಗಿದೆ ಎಂದು ಬೈದು ಅಕ್ಕನ ಕೈಲಿ ಒರೆಸಿಸಿದಳು. ತಲೆ ಬಾಚಿಸಿಕೊಂಡಳು. ಆಮೇಲೆ ಒಂದು ವಿಚಿತ್ರ ಆಸೆ ಹೇಳಿದಳು. "ಆ ಮೀನು ತೋರಿಸೇ. ಇಷ್ಟು ವರ್ಷ ಅದರ ನಾತ ಕುಡಿದಿದ್ದೀನಿ, ಮುಖ ನೋಡಿಲ್ಲ."

ಪ್ರಯೋಗಾಲಯದ ತೊಟ್ಟಿಯಲ್ಲಿ ಆರು ಮೀನು ಜೀವಂತವಿದ್ದವು. ಪ್ರೊಫೆಸರರೇ ಒಂದನ್ನು ಬಕೆಟ್ಟಿನಲ್ಲಿ ಹಿಡಿದು, ಮೆಟ್ಟಿಲ ಮೇಲೆಲ್ಲ ನೀರು ಚೆಲ್ಲುತ್ತ ಎರಡು ಮಹಡಿ ಹತ್ತಿ ತಂದರು. ತಂಗಿ ಹಾಸಿಗೆಯ ಅಂಚಿನಿಂದ ಬಗ್ಗಿ ನೋಡಿದಳು. ಮೀನು ತನ್ನ ಮೈಯನ್ನು ಗಂಟುಹಾಕಿಕೊಂಡು ಬಿಚ್ಚಿಕೊಂಡಿತು.

"ಇದಾ? ನಮ್ಮ ಪ್ಯಾಕಿಂಗ್ ಮೇಸ್ತ್ರಿ ಥರ ಇದೆ. ಅವನಿಗೂ ಬೆನ್ನುಮೂಳೆ ಇಲ್ಲ." ಆಮೇಲೆ ಪ್ರೊಫೆಸರರ ಕಡೆ ತಿರುಗಿದಳು. "ಸಾರ್, ಇದರ ಆ ಗಂಟು ಕಿತ್ತುಬಿಟ್ರೆ ಇದೂ ನನ್ನ ಥರ ಸಾಯುತ್ತಾ?"

ಅವರು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. "ಇಲ್ಲಮ್ಮ. ಕಿತ್ತು ನೋಡಿದ್ದೀವಿ. ಸಕ್ಕರೆ ಕೊಂಚ ಏರುಪೇರಾಗುತ್ತೆ. ವಾರಗಟ್ಟಲೆ ಬದುಕುತ್ತೆ."

"ಹಾಗಾದ್ರೆ ನಂಗೆ ಯಾಕೆ ಅಷ್ಟು ಅವಸರ?"

ಇಂಥ ಪ್ರಶ್ನೆಗೆ ಕರಿಹಲಗೆಯ ಮುಂದೆ ಅವರ ಬಳಿ ಒಂದು ಗಂಟೆಯ ಉತ್ತರವಿತ್ತು. ಇಲ್ಲಿ ಗಿಡ್ಡದ್ದು ಹೇಳಿದರು. "ಬಹಳ ಹಿಂದೆ ಇನ್ಸುಲಿನ್ನು ಆಳಾಗಿ ಬಂತು ಅನ್ಸುತ್ತೆ, ಬೆಳೆಯೋಕೆ ಸಹಾಯ ಮಾಡೋ ಆಳು. ಸಕ್ಕರೆ ಕಾಯೋದು ಆಮೇಲೆ ಹಚ್ಚಿದ ಕೆಲಸ ಇರಬಹುದು. ನಮ್ಮ ಕಡೆಯವರು ಬಿಸಿರಕ್ತ, ದೊಡ್ಡ ಮಿದುಳು ಎಲ್ಲ ಮಾಡ್ಕೊಂಡು ಪೂರ್ತಿ ಮನೆಯನ್ನೇ ಅದರ ಕೈಗೆ ಕೊಟ್ಟುಬಿಟ್ರು. ಈಗ ಅದಿಲ್ಲದೆ ನಡೆಯಲ್ಲ. ಮೀನು ಹಾಗೆ ಕೊಡಲಿಲ್ಲ."

"ಬುದ್ಧಿವಂತ ಮೀನು" ಎಂದಳು ತಂಗಿ. "ತಗೊಂಡು ಹೋಗಿ, ಪಾಪ, ನೀರು ಬಿಸಿಯಾಗ್ತಿದೆ."

ಸಂಜೆ ಅವಳು ಅಕ್ಕನಿಗೆ ಮೂರು ಮಾತು ಹೇಳಿದಳು. ಕಾರ್ಖಾನೆಯ ತನ್ನ ಏಪ್ರನ್ನನ್ನು ಒಗೆದು ಹಿಂತಿರುಗಿಸಬೇಕು. ಫ್ರಿಜ್ಜನ್ನು ಕಾಂಪೌಂಡರನಿಗೆ ಕೊಡಬೇಕು. ಮೂರನೆಯದನ್ನು ಅಕ್ಕ ಯಾರಿಗೂ ಹೇಳಲಿಲ್ಲ.

ಶುಕ್ರವಾರ ವಾಂತಿ ಮರಳಿತು. ಶನಿವಾರ ಮಾತು ನಿಂತಿತು. ಭಾನುವಾರ ಮಧ್ಯಾಹ್ನ, ಅಕ್ಕ ಕಾಲು ಒತ್ತುತ್ತಿದ್ದಾಗ, ಅವಳು ಸತ್ತಳು. ಬಂದರು ಹೇಳಿದ್ದಕ್ಕಿಂತ ಎರಡು ದಿನ ತಡವಾಗಿ, ಮುಂದಿನ ಭಾನುವಾರ ತೆರೆಯಿತು. ಬಸ್ಸಿನ ಸುದ್ದಿಯೂ ಅದರ ಜೊತೆಗೇ ಬಂತು. ಗುರುವಾರದ ಬಸ್ಸಿಗೆ ಯಾರೂ ಗುಂಡು ಹಾರಿಸಿರಲಿಲ್ಲ. ಹೋದ ಇಪ್ಪತ್ತೆರಡು ಜನರೂ ಬದುಕಿದ್ದರು.

ಅದನ್ನು ಕೇಳಿದ ಮರುದಿನ ಅವಳು ಕೆಲಸಕ್ಕೆ ಹೋದಳು. ಮೇಜಿನ ಮೇಲೆ ಪ್ರಯೋಗಾಲಯದ ದಪ್ಪ ದಾಖಲೆ ಪುಸ್ತಕ ತೆರೆದಿತ್ತು. ಅದರಲ್ಲಿ ಪ್ರೊಫೆಸರರು ಬರೆದಿದ್ದರು: ಮೂವತ್ತು ಮಿಲಿಗ್ರಾಂ ಪುಡಿ, ವಿದ್ಯುತ್ ಕಡಿತದಿಂದ ನಾಶ. ಅವಳು ಸ್ಟೂಲಿನ ಮೇಲೆ ಕೂರಲಿಲ್ಲ.

"ಇದು ಸುಳ್ಳು" ಎಂದಳು.

"ನಿನ್ನ ಕೆಲಸ ಉಳೀಲಿ ಅಂತ ಬರೆದೆ."

"ನನ್ನ ಕೆಲಸ ನಾನು ನೋಡ್ಕೋತೀನಿ. ಇಲಿಗೆ ಕೊಟ್ಟಿದ್ದನ್ನ ನಿಮಿಷ ನಿಮಿಷ ಬರೆಸಿದ್ರಿ. ಅವಳಿಗೆ ಕೊಟ್ಟಿದ್ದನ್ನ ಬರೆಯಲ್ವಾ? ಹೊಡೆದುಹಾಕಿ. ನಾನು ಹೇಳ್ತೀನಿ, ಬರೀರಿ."

ಪ್ರೊಫೆಸರರು ಆ ಸಾಲನ್ನು ಹೊಡೆದುಹಾಕಿದರು. ಅವಳು ನಿಂತುಕೊಂಡೇ ಹೇಳಿದಳು. ಹೆಂಗಸು. ನಲವತ್ತಮೂರು ವರ್ಷ. ಐವತ್ತೊಂದು ಕಿಲೋ. ಮೂರು ದಿನ ಒಂದೂವರೆ ಮಿಲಿಗ್ರಾಂ, ಏನೂ ಆಗಲಿಲ್ಲ. ನಾಲ್ಕನೇ ದಿನ ಇಪ್ಪತ್ತೈದೂವರೆ. ಮರುದಿನ ಬೆಳಿಗ್ಗೆ ಏಳರಿಂದ ರಾತ್ರಿ ಒಂಬತ್ತರವರೆಗೆ ಮೈಮೇಲೆ ಪ್ರಜ್ಞೆಯಿತ್ತು, ಮಾತಾಡಿದಳು. ಆಮೇಲೆ ಇಳಿಯಿತು.

"ಕೊಟ್ಟವರು ಅಂತ ಒಂದು ಕಾಲಂ ಇದೆ" ಎಂದರು ಅವರು, ತಲೆ ಎತ್ತದೆ.

"ನಾನು. ನನ್ನ ಹೆಸರು ಪೂರ್ತಿ ಬರೀರಿ."

ಅವರ ಪೆನ್ನು ನಿಂತಿತು. ಅವಳ ಪೂರ್ತಿ ಹೆಸರು ಅವರಿಗೆ ಗೊತ್ತಿರಲಿಲ್ಲ. ಅವಳು ಪೆನ್ನನ್ನು ಅವರ ಕೈಯಿಂದ ತೆಗೆದುಕೊಂಡು ತಾನೇ ಬರೆದಳು.